ಸಿಂಬೆ ಸುತ್ತಿದ ಡ್ರಿಪ್ ಪೈಪನ್ನು ನೆಟ್ಟಗೆ ಮಾಡುವುದು ಹೇಗೆ?

ಮೈಸೂರು ತಾರಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಾರಸಿಯಲ್ಲಿ ನಾಲ್ಕು ಸಾಲು ಕುಂಡಗಳಿವೆ. ಬದನೆ, ಟೊಮೇಟೊ, ಬಸಳೆ, ಎರಡು ದಾಸವಾಳ, ಮೂರು ಮಲ್ಲಿಗೆ ಬಳ್ಳಿ; ಒಂದೊಂದು ಸಾಲೂ ಸುಮಾರು ಹತ್ತು ಮೀಟರ್ ಉದ್ದವಿದೆ. ಟ್ಯಾಂಕಿನ ನೀರಿನಿಂದಲೇ ಹನಿ ನೀರಾವರಿ ಮಾಡಿಕೊಳ್ಳಬೇಕೆಂದು ಕಳೆದ ವರ್ಷ 16 ಮಿ.ಮೀ. ಅಳತೆಯ ಕಪ್ಪು ಲ್ಯಾಟರಲ್ ಪೈಪನ್ನು (ಗಿಡಗಳ ಸಾಲಿನುದ್ದಕ್ಕೂ ಹಾಯಿಸುವ ಕವಲು ಪೈಪು) 50 ಮೀಟರ್ ತಂದಿದ್ದೆ. ಆಗ ಕೆಲಸ ಕೈಗೂಡಲಿಲ್ಲ. ಪೈಪು ಬಿಗಿಯಾಗಿ ಕಟ್ಟಿದ ಸಿಂಬೆಯಾಗಿಯೇ ಮಹಡಿ ಮೆಟ್ಟಿಲ ಕೆಳಗೆ ವರ್ಷವಿಡೀ ಉಳಿಯಿತು.

ಈಗ ಬಿಚ್ಚಿದರೆ ಅದು ನೆಟ್ಟಗೆ ಮಲಗುತ್ತಿಲ್ಲ. ಒಂದು ಕಡೆ ಇಟ್ಟಿಗೆ ಹೇರಿದರೆ ಇನ್ನೊಂದು ಕಡೆ ಮೊಳದೆತ್ತರ ಏಳುತ್ತದೆ. ನಿನ್ನೆ ಒಂದು ತುದಿಯನ್ನು ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ ಹಿಡಿದು ನೋಡಿದೆ. ಹತ್ತು ಎಣಿಸುವವರೆಗೆ ಏನೂ ಆಗಲಿಲ್ಲ. ಇನ್ನೆರಡು ಎಣಿಸುವಷ್ಟರಲ್ಲಿ ಪೈಪಿನ ಮೈ ಮಿರಮಿರ ಹೊಳೆದು, ಒಂದು ಮಗ್ಗುಲು ಕುಸಿದು ಚಪ್ಪಟೆಯಾಯಿತು. ಆ ಒಂದು ಗೇಣು ಪೈಪನ್ನು ಕತ್ತರಿಸಿ ಹಾಕಬೇಕಾಯಿತು.

ಮುಂದಿನ ತಿಂಗಳ ಮೊದಲ ವಾರ ಮನೆಮಂದಿಯೆಲ್ಲ ಹತ್ತು ದಿನ ಊರಿಗೆ ಹೋಗುವವರಿದ್ದೇವೆ. ಈ ಬಿಸಿಲಿನಲ್ಲಿ ಹತ್ತು ದಿನ ನೀರಿಲ್ಲದೆ ಗಿಡಗಳು ಉಳಿಯುವುದಿಲ್ಲ. ಪೈಪನ್ನು ಕೆಡಿಸದೆ ನೆಟ್ಟಗೆ ಮಾಡುವ ಕ್ರಮವನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.


ಶಿರಸಿ ಅಡಿಕೆತೋಟ

ಮೊದಲು ಒಲೆಯ ಸಹವಾಸ ಬಿಡಿ. ಆ ಪೈಪಿಗೆ ಬೇಕಾದದ್ದು ಬಿಸಿಲಿನ ಕಾವು ಮಾತ್ರ.

ನೀವು ಸಿಂಬೆಯನ್ನು ಬಿಚ್ಚಿದ ಬಗೆ ಯಾವುದೆಂದು ಬರೆದಿಲ್ಲ. ನಮ್ಮ ತೋಟದಲ್ಲಿ ಇಪ್ಪತ್ತು ವರ್ಷಗಳಿಂದ ಇಂಥ ಪೈಪು ಎಳೆಯುತ್ತಿದ್ದೇವೆ. ಅರ್ಧ ತೊಂದರೆ ಹುಟ್ಟುವುದು ಬಿಚ್ಚುವಾಗಲೇ ಎಂಬುದು ನನ್ನ ಅನುಭವ. ಸಿಂಬೆಯನ್ನು ನೆಲದ ಮೇಲೆ ಮಲಗಿಸಿ, ತುದಿಯನ್ನು ಹಿಡಿದು ಎಳೆಯುತ್ತ ಹೋದರೆ, ಬಿಚ್ಚಿದ ಪ್ರತಿ ಸುತ್ತಿಗೂ ಪೈಪಿನೊಳಗೆ ಒಂದೊಂದು ನುಲಿ ಸೇರಿಕೊಳ್ಳುತ್ತದೆ. ಆಗ ಪೈಪಿನಲ್ಲಿ ಬಾಗು ಒಂದೇ ಅಲ್ಲ, ಹಗ್ಗದಲ್ಲಿರುವಂಥ ತಿರುಚೂ ಇರುತ್ತದೆ. ಬಾಗನ್ನು ಇಟ್ಟಿಗೆ ಹೇರಿ ಅದುಮಬಹುದು, ನುಲಿಯನ್ನು ಅದುಮಲಾಗದು. ಅದು ಒಂದು ಕಡೆ ಒತ್ತಿದರೆ ಮತ್ತೊಂದು ಕಡೆ ಏಳುತ್ತದೆ. ನೀವು ಬರೆದಿರುವ ಲಕ್ಷಣ ನೋಡಿದರೆ ನಿಮ್ಮ ಪೈಪಿನಲ್ಲಿ ನುಲಿ ಸೇರಿದೆ ಎಂದೇ ತೋರುತ್ತದೆ.

ತೋಟದಲ್ಲಿ ನಾವು ಸಿಂಬೆಯ ನಡುವೆ ಹಾರೆ ತೂರಿಸುತ್ತೇವೆ. ಇಬ್ಬರು ಹಾರೆಯ ಎರಡು ತುದಿ ಹಿಡಿದು ನಿಲ್ಲುತ್ತಾರೆ, ಮೂರನೆಯವರು ಪೈಪಿನ ಹೊರತುದಿ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಾರೆ. ಸಿಂಬೆ ಬಾವಿಯ ರಾಟೆಯ ಹಾಗೆ ತಿರುಗುತ್ತ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರೇ ಇದ್ದರೆ ಸಿಂಬೆಯನ್ನು ನಿಲ್ಲಿಸಿ, ಮಕ್ಕಳು ಹಳೆಯ ಟೈರು ಉರುಳಿಸುವಂತೆ ಉರುಳಿಸಿಕೊಂಡು ಹೋಗಬಹುದು. ನುಲಿ ಇದೆಯೋ ಇಲ್ಲವೋ ಎಂದು ತಿಳಿಯಲು ಪೈಪಿನ ಮೇಲೆಯೇ ಗುರುತು ಇದೆ. ಅಳತೆ, ತಯಾರಿಕೆಯ ದಿನಾಂಕ ಮುಂತಾದ ಅಕ್ಷರಗಳನ್ನು ಅದರ ಮೈಮೇಲೆ ಒಂದೇ ಗೆರೆಯಲ್ಲಿ ಅಚ್ಚು ಹಾಕಿರುತ್ತಾರೆ. ಬಿಚ್ಚಿ ಮಲಗಿಸಿದಾಗ ಆ ಅಕ್ಷರಗಳ ಸಾಲು ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಗ್ಗುಲಿಗೆ ಕಾಣುತ್ತಿದ್ದರೆ ನುಲಿಯಿಲ್ಲ. ಅಕ್ಷರಗಳು ಮೇಲೆ ಕಂಡು, ಮುಂದೆ ಕೆಳಗೆ ಅಡಗಿ, ಮತ್ತೆ ಮೇಲೆ ಬಂದರೆ ಅಷ್ಟು ಸುತ್ತು ಪೈಪನ್ನು ತಿರುಗಿಸಿ ಬಿಡಿಸಲೇಬೇಕು. ಬಿಸಿಲಿಗೆ ಹಾಕುವ ಮೊದಲೇ ಈ ಕೆಲಸ ಆಗಬೇಕು.

ಬೆಳಿಗ್ಗೆ ಹತ್ತರ ಹೊತ್ತಿಗೆ ಪೈಪಿನ ಒಂದು ತುದಿಯನ್ನು ಗಟ್ಟಿಯಾದ ಯಾವುದಾದರೂ ಕಂಬಕ್ಕೆ ಕಟ್ಟಿ ಬಿಸಿಲಿನಲ್ಲಿ ಹರಡಿ. ಒಂದು ಗಂಟೆ ಹಾಗೆಯೇ ಕಾಯಲು ಬಿಟ್ಟು, ಪೈಪು ಕೈಗೆ ಮೆತ್ತಗೆ ಸಿಕ್ಕಮೇಲೆ ಇನ್ನೊಂದು ತುದಿಯನ್ನು ಎಳೆದು ಕಟ್ಟಿ. ಸಂಜೆ ಬಿಸಿಲು ಇಳಿದ ಕೂಡಲೇ ಬಿಚ್ಚಬೇಡಿ. ಪೈಪು ಪೂರ್ತಿ ತಣ್ಣಗಾಗುವವರೆಗೂ ಎಳೆತ ಇರಲಿ. ಎರಡು ದಿನ ಹೀಗೆ ಮಾಡಿದರೆ ನೀವು ಹೇಳಿದಂತೆ ಕೇಳುತ್ತದೆ.

ಗೇಣು, ಮೊಳ ಉದ್ದದ ಸಣ್ಣ ತುಂಡುಗಳಿಗಾದರೆ ನಮ್ಮಲ್ಲಿ ಬಚ್ಚಲಿನ ಹಂಡೆಯ ನೀರೇ ಸಾಕು. ಕೊಡದಲ್ಲಿ ಬಿಸಿನೀರು ತೋಡಿ, ತುಂಡನ್ನು ಮುಳುಗಿಸಿ, ತೆಗೆದು, ನೆಟ್ಟಗೆ ಹಿಡಿದು ತಣ್ಣೀರಿಗೆ ಅದ್ದುವುದು.


ಪಾಲಿಮರ್ ಪಾಠ

ಶಿರಸಿಯವರು ಹೇಳಿದ್ದು ಅಕ್ಷರಶಃ ಸರಿ. ನಾನು ಕಾಲೇಜಿನಲ್ಲಿ ಈ ವಿಷಯವನ್ನು ಬಹಳ ವರ್ಷ ಕಲಿಸಿದವನಾದ್ದರಿಂದ, ಹಾಗೇಕೆ ಎಂಬುದನ್ನು ಬರೆಯುತ್ತೇನೆ; ಕಾರಣ ತಿಳಿದರೆ ಎಲ್ಲಿ ತಪ್ಪಬಹುದು ಎಂಬುದೂ ತಿಳಿಯುತ್ತದೆ.

ಈ ಪೈಪುಗಳನ್ನು ಮಾಡುವುದು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ. ಪೈಪಿನ ಮೇಲೆ ಐ.ಎಸ್. 12786 ಎಂಬ ಸಂಖ್ಯೆ ಅಚ್ಚಾಗಿದ್ದರೆ ಅದು ನೀರಾವರಿ ಲ್ಯಾಟರಲ್‌ಗಳಿಗೆಂದೇ ಇರುವ ಭಾರತೀಯ ಮಾನಕ. ಪಾಲಿಎಥಿಲೀನ್ ಎಂದರೆ ಬಹಳ ಉದ್ದನೆಯ ಅಣು ಸರಪಳಿಗಳ ಗೋಜಲು. ಆ ಗೋಜಲಿನಲ್ಲಿ ಕೆಲವು ಭಾಗ ಒತ್ತಾಗಿ ಜೋಡಿಸಿಕೊಂಡು ಹರಳುಗಟ್ಟಿರುತ್ತದೆ, ಉಳಿದದ್ದು ಸಡಿಲವಾಗಿರುತ್ತದೆ. ಇದನ್ನು ಬಗ್ಗಿಸಿ ಹಿಡಿದರೆ ಮೊದಲು ಸ್ಪ್ರಿಂಗಿನಂತೆ ಎದುರೊತ್ತುತ್ತದೆ. ಹಿಡಿದೇ ಇದ್ದರೆ ಸಡಿಲ ಭಾಗದ ಸರಪಳಿಗಳು ಒಂದರ ಪಕ್ಕದಲ್ಲಿ ಒಂದು ನಿಧಾನವಾಗಿ ಜಾರಿ, ಆ ಒತ್ತಡವನ್ನು ಕಳೆದುಕೊಂಡು, ಬಗ್ಗಿದ ರೂಪಕ್ಕೇ ಒಗ್ಗಿಹೋಗುತ್ತವೆ. ಸಿಂಬೆಯಲ್ಲಿ ವರ್ಷವಿಡೀ ಇದ್ದ ಪೈಪಿಗೆ ಬಾಗಿರುವುದೇ ಸಹಜ ಸ್ಥಿತಿ. ನೆಟ್ಟಗಿರುವುದೇ ಅದಕ್ಕೆ ಒತ್ತಾಯ.

ಆ ಬಾಗು ಎಷ್ಟೆಂದು ಲೆಕ್ಕ ಹಾಕೋಣ. ಸಿಂಬೆಯ ಒಳ ಸುತ್ತಿನ ವ್ಯಾಸ 60 ಸೆಂ.ಮೀ. ಇದ್ದರೆ, 16 ಮಿ.ಮೀ. ದಪ್ಪದ ಪೈಪಿನ ಹೊರ ಮಗ್ಗುಲು ಮೂಲ ಉದ್ದಕ್ಕಿಂತ ಸುಮಾರು ಶೇ. 2.7ರಷ್ಟು ಹಿಗ್ಗಿರುತ್ತದೆ, ಒಳ ಮಗ್ಗುಲು ಅಷ್ಟೇ ಕುಗ್ಗಿರುತ್ತದೆ. ಹೊರ ಸುತ್ತಿನ ವ್ಯಾಸ ಒಂದು ಮೀಟರ್ ಆದರೆ ಇದು ಶೇ. 1.6 ಮಾತ್ರ. ಆದ್ದರಿಂದಲೇ ಒಂದೇ ಸಿಂಬೆಯ ಹೊರತುದಿ ಬೇಗ ಪಳಗುತ್ತದೆ, ಒಳತುದಿಯ ಕೊನೆಯ ಕೆಲವು ಮೀಟರುಗಳು ಹಟ ಹಿಡಿಯುತ್ತವೆ. ಉದ್ದ ಸಾಲುಗಳಿಗೆ ಹೊರಗಿನ ಪೈಪನ್ನು ಬಳಸಿ, ಒಳತುದಿಯನ್ನು ತುಂಡು ಕೆಲಸಗಳಿಗೆ ಇಟ್ಟುಕೊಳ್ಳುವುದು ಜಾಣತನ.

ಬಿಸಿ ತಾಗಿದರೆ ಸರಪಳಿಗಳ ಜಾರುವಿಕೆ ಬಹಳ ಬೇಗ ನಡೆಯುತ್ತದೆ. ಕೋಣೆಯ ತಂಪಿನಲ್ಲಿ ವಾರಗಟ್ಟಲೆ ಹಿಡಿಯುವ ಬದಲಾವಣೆ 50–60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ನಮ್ಮ ಬೇಸಗೆಯ ಮಧ್ಯಾಹ್ನ ತಾರಸಿಯ ಮೇಲೆ ಮಲಗಿದ ಕಪ್ಪು ಪೈಪು ಆ ಮಟ್ಟವನ್ನು ತಾನಾಗಿಯೇ ಮುಟ್ಟುತ್ತದೆ. ಪೈಪಿಗೆ ಕಪ್ಪು ಬಣ್ಣ ಬಂದದ್ದು ಬಿಸಿಲಿನ ನೇರಳಾತೀತ ಕಿರಣ ತಡೆಯಲು ಬೆರೆಸಿದ ಇಂಗಾಲದ ಮಸಿಯಿಂದ. ಅದೇ ಕಪ್ಪು ಇಲ್ಲಿ ಕಾವನ್ನು ಹೀರಿಕೊಂಡು ನಮಗೆ ನೆರವಾಗುತ್ತದೆ.

ಹಾಗಾದರೆ ಇನ್ನೂ ಹೆಚ್ಚು ಕಾಯಿಸಿದರೆ ಇನ್ನೂ ಬೇಗ ಆಗಬೇಕಲ್ಲವೇ ಎಂದು ಕೇಳಬಹುದು. ಇಲ್ಲಿಯೇ ಪ್ರಶ್ನೆ ಕೇಳಿದವರ ಒಲೆಯ ಅನುಭವಕ್ಕೆ ಉತ್ತರವಿದೆ. ಪಾಲಿಎಥಿಲೀನಿನ ಹರಳುಗಳು, ಬಗೆಯನ್ನು ಅನುಸರಿಸಿ, 105ರಿಂದ 130 ಡಿಗ್ರಿಯೊಳಗೆ ಕರಗುತ್ತವೆ. ಅಲ್ಲಿಯವರೆಗೂ ಪೈಪಿನ ರೂಪವನ್ನು ಹಿಡಿದಿಟ್ಟಿರುವುದು ಆ ಹರಳುಗಳೇ. ಅವು ಕರಗಿದ ಕ್ಷಣ ಹಿಡಿದಿಡುವುದಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕೇ ಹತ್ತು ಎಣಿಸುವವರೆಗೆ ಏನೂ ಆಗದೆ, ಇನ್ನೆರಡು ಎಣಿಸುವಾಗ ಕುಸಿದದ್ದು. ಮೈ ಹೊಳೆದದ್ದು ಮೇಲ್ಪದರ ಕರಗಿದ ಗುರುತು. ಹೀಗೆ ಒಮ್ಮೆ ಕರಗಿದ ಭಾಗವನ್ನು ಕತ್ತರಿಸಿ ತೆಗೆದದ್ದು ಸರಿಯಾದ ಕೆಲಸ. ಗೋಡೆ ಒಂದು ಕಡೆ ತೆಳುವಾಗಿ ಮುಂದೆ ಅಲ್ಲಿಯೇ ಸೀಳುತ್ತಿತ್ತು.

ಕೊನೆಯ ಮಾತು, ಎಳೆತ ಎಷ್ಟಿರಬೇಕು ಎಂಬುದರ ಬಗ್ಗೆ. ಬಿಸಿಯಾದ ಪೈಪನ್ನು ಇಬ್ಬರು ಸೇರಿ ಬಲವಾಗಿ ಜಗ್ಗಿದರೆ ಅದು ನೆಟ್ಟಗಾಗುವುದರ ಜೊತೆಗೆ ಉದ್ದವಾಗಿ, ತೆಳುವಾಗಿ, ಸಣಕಲಾಗುತ್ತದೆ. ಆಮೇಲೆ ಜಾಯಿನರ್ ಬಿಗಿಯಾಗಿ ಕೂರುವುದಿಲ್ಲ. ಅರ್ಧ ಬಕೆಟ್ ನೀರನ್ನು ಎತ್ತುವಾಗ ಕೈಗೆ ಬೀಳುವಷ್ಟು ಭಾರ, ಅಂದರೆ ಏಳೆಂಟು ಕಿಲೊ, ಸಾಕು. ನೇರಗೊಳಿಸುವುದು ಬಲವಲ್ಲ, ಕಾವು ಮತ್ತು ಸಮಯ.


ಧಾರವಾಡ ಕೈತೋಟ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೆ ಇಷ್ಟೆಲ್ಲ ಕಾಯುವ ಅಗತ್ಯವಿಲ್ಲ ಎಂಬುದು ನನ್ನ ಅನುಭವ. ನಾನು ಹಿತ್ತಿಲಿಗೆ ಇದೇ ಅಳತೆಯ ಪೈಪು ಹಾಕಿದಾಗ, ಸಿಂಬೆಯ ಬಾಗಿಗೆ ಎದುರಾಗಿ, 200 ಲೀಟರಿನ ಡ್ರಮ್ಮಿಗೆ ಸುತ್ತಿ, ಹಗ್ಗದಿಂದ ಕಟ್ಟಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಬಿಚ್ಚಿದರೆ ಪೈಪು ನೆಲದ ಮೇಲೆ ಹಾಯಾಗಿ ಮಲಗಿತು. ಬಿಸಿಲು, ಎಳೆತ ಯಾವುದೂ ಬೇಕಾಗಲಿಲ್ಲ. ಮೋಡ ಮುಚ್ಚಿದ ದಿನಗಳಲ್ಲಿ ಇದೊಂದೇ ಉಪಾಯ.


ಪಾಲಿಮರ್ ಪಾಠ

ಧಾರವಾಡದವರೇ, ಎದುರು ಸುತ್ತುವುದು ಒಳ್ಳೆಯ ಉಪಾಯವೇ, ತತ್ತ್ವವೂ ಸರಿಯಾಗಿದೆ. ಬಗ್ಗಿದ್ದನ್ನು ಬರೀ ನೆಟ್ಟಗೆ ಹಿಡಿದು ಬಿಟ್ಟರೆ ಅದು ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಆ ಹಿಂದೆಗೆತಕ್ಕೆ ಅವಕಾಶವಿಟ್ಟು ತುಸು ಎದುರಿಗೆ ಬಗ್ಗಿಸಿದರೆ ನಡುವೆ ನಿಲ್ಲುತ್ತದೆ. ಆದರೆ ಮೈಸೂರಿನವರ ಪೈಪಿಗೆ ಇದನ್ನು ನಾನು ಹೇಳಲಾರೆ. 200 ಲೀಟರಿನ ಡ್ರಮ್ಮಿನ ವ್ಯಾಸ 60 ಸೆಂ.ಮೀ.ಗಿಂತ ತುಸು ಕಡಿಮೆ, ಹೆಚ್ಚುಕಡಿಮೆ ಸಿಂಬೆಯ ಒಳ ಸುತ್ತಿನಷ್ಟೇ. ವರ್ಷವಿಡೀ ಶೇ. 2.7 ಒಂದು ಕಡೆಗೆ ಒಗ್ಗಿದ್ದನ್ನು ತಣ್ಣಗಿರುವಾಗಲೇ ಅಷ್ಟೇ ಎದುರು ಕಡೆಗೆ ತಿರುಗಿಸಿದರೆ ಒಟ್ಟು ಬದಲಾವಣೆ ಅದರ ಎರಡರಷ್ಟಾಗುತ್ತದೆ. ತೆಳು ಗೋಡೆಯ ಲ್ಯಾಟರಲ್ ಅದನ್ನು ತಾಳದೆ ಎಲ್ಲೋ ಒಂದು ಕಡೆ ಮುರಿದಂತೆ ಮಡಿಚಿಕೊಳ್ಳುತ್ತದೆ. ಒಮ್ಮೆ ಮಡಿಕೆ ಬಿದ್ದ ಜಾಗ ಮತ್ತೆ ಎಂದಿಗೂ ಮೊದಲಿನಂತಾಗುವುದಿಲ್ಲ. ಬಿಳಿಚಿದ ಗೆರೆಯೊಂದು ಅಲ್ಲಿ ಉಳಿಯುತ್ತದೆ, ನೀರು ಮೊದಲು ಸೋರುವುದೂ ಅಲ್ಲಿಯೇ.

ತಾವು ಸುತ್ತಿದ ಪೈಪು ಅಂಗಡಿಯಿಂದ ತಂದು ಎಷ್ಟು ದಿನವಾಗಿತ್ತು ಎಂದು ತಿಳಿಸಿದರೆ ಉಪಕಾರವಾಗುತ್ತದೆ.


ಧಾರವಾಡ ಕೈತೋಟ

ತಂದು ಎರಡು ವಾರವಾಗಿತ್ತು ಅಷ್ಟೇ. ಸಿಂಬೆಯೂ ದೊಡ್ಡದು, ಅಂಗಡಿಯವರು ದೊಡ್ಡ ಸುರುಳಿಯ ಹೊರಭಾಗದಿಂದ ಕತ್ತರಿಸಿ ಸಡಿಲವಾಗಿ ಕಟ್ಟಿಕೊಟ್ಟಿದ್ದರು. ತಾವು ಬರೆದದ್ದನ್ನು ಓದಿದ ಮೇಲೆ ನನ್ನ ಪೈಪು ಸುಲಭವಾಗಿ ಕೇಳಿದ್ದಕ್ಕೆ ಕಾರಣ ತಿಳಿಯಿತು. ಹಳೆಯ ಪೈಪನ್ನು ಎದುರು ಸುತ್ತುವವರು ಮೊದಲು ಬಿಸಿಲಿಗೆ ಕಾಯಿಸಿಕೊಂಡು, ಡ್ರಮ್ಮಿಗಿಂತ ಎರಡು ಪಟ್ಟು ದೊಡ್ಡ ಸುತ್ತಾಗಿ ಸುತ್ತಬೇಕು ಎಂದು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.


ಗಾರೆ ಕೆಲಸ, ತುಮಕೂರು

ನಮ್ಮ ಕಸುಬಿನಲ್ಲಿಯೂ ಇದೇ ಪೈಪಿನ ತಂಟೆ ಇದೆ, ಆದ್ದರಿಂದ ಎರಡು ಮಾತು ಬರೆಯುತ್ತೇನೆ. ಗೋಡೆಗೆ, ನೆಲಕ್ಕೆ ಮಟ್ಟ ನೋಡಲು ನಾವು ಬಳಸುವ ಪಾರದರ್ಶಕ ಲೆವೆಲ್ ಪೈಪು ಪಾಲಿಎಥಿಲೀನ್ ಅಲ್ಲ, ಮೆದು ಪಿ.ವಿ.ಸಿ. ಅದನ್ನು ಸುತ್ತಿ ಮೂಟೆಗೆ ಹಾಕಿ ಒಂದು ಸೈಟಿನಿಂದ ಇನ್ನೊಂದಕ್ಕೆ ಒಯ್ಯುತ್ತೇವೆ. ಸುರುಳಿ ಬಿಡದ ಪೈಪಿಗೆ ನೀರು ತುಂಬಿದರೆ ಪ್ರತಿ ಏರಿನಲ್ಲಿಯೂ ಒಂದು ಗಾಳಿಗುಳ್ಳೆ ಕೂರುತ್ತದೆ. ಕಣ್ಣಿಗೆ ಕಾಣದ ಒಂದು ಗುಳ್ಳೆ ಉಳಿದರೂ ಎರಡು ತುದಿಯ ನೀರು ಒಂದೇ ಮಟ್ಟ ತೋರಿಸುವುದಿಲ್ಲ, ಕಟ್ಟಿದ ಸಾಲೆಲ್ಲ ತಪ್ಪುತ್ತದೆ. ಹಾಗಾಗಿ ಕೆಲಸ ಶುರುಮಾಡುವ ಮೊದಲು ಎರಡು ತುದಿಗಳನ್ನು ಜೊತೆಗೆ ಹಿಡಿದು ನೀರು ಸಮವಾಗಿ ನಿಲ್ಲುತ್ತದೆಯೇ ಎಂದು ನೋಡದೆ ನಾನು ಗುರುತು ಹಾಕುವುದಿಲ್ಲ.

ಪಾರದರ್ಶಕ ಪೈಪು ಕಪ್ಪು ಪೈಪಿನಷ್ಟು ಕಾವು ಹೀರುವುದಿಲ್ಲ. ಅದನ್ನು ನಾವು ಕಾದ ಮರಳಿನ ಮೇಲೆಯೋ ಕಾದ ಸಿಮೆಂಟು ನೆಲದ ಮೇಲೆಯೋ ಅರ್ಧ ಗಂಟೆ ಹರಡುತ್ತೇವೆ. ಮೆದು ಪಿ.ವಿ.ಸಿ. ಬೇಗ ಬಳುಕುತ್ತದೆ, ಹೆಚ್ಚು ಎಳೆಯಬೇಕಾಗಿಲ್ಲ. ಆದರೆ ದಿನಗಟ್ಟಲೆ ಬಿಸಿಲಿನಲ್ಲಿ ಮರೆತು ಬಿಟ್ಟರೆ ಹಳದಿಯಾಗಿ, ಮೆದುತನ ಕಳೆದುಕೊಂಡು, ಬಗ್ಗಿಸಿದರೆ ಬಿರುಕು ಬಿಡುವಂತಾಗುತ್ತದೆ. ಉರಿಯ ಹತ್ತಿರ ಇದನ್ನು ಒಯ್ಯಲೇಬಾರದು, ಪಿ.ವಿ.ಸಿ. ಸುಟ್ಟರೆ ಬರುವ ಹೊಗೆಯಲ್ಲಿ ಆಮ್ಲ ಇರುತ್ತದೆ, ಕಣ್ಣು ಗಂಟಲು ಉರಿಯುತ್ತದೆ.

ಇನ್ನೊಂದು ವಿಷಯ. ತಾರಸಿಯಲ್ಲಿ ಡ್ರಿಪ್ ಪೈಪನ್ನು ಹಿಡಿದಿಡಲು ನೆಲಕ್ಕೆ ಮೊಳೆ ಹೊಡೆಯಬೇಡಿ. ಒಂದೊಂದು ಮೊಳೆಯ ತೂತೂ ಮಳೆಗಾಲದಲ್ಲಿ ಕೆಳಗಿನ ಕೋಣೆಗೆ ಸೋರುವ ದಾರಿ. ಕ್ಲಾಂಪು ಬೇಕೇ ಇದ್ದರೆ ಪ್ಯಾರಪೆಟ್ ಗೋಡೆಯ ಒಳಮೈಗೆ ಹೊಡೆಯಿರಿ, ಇಲ್ಲವಾದರೆ ಕುಂಡಗಳ ಭಾರದಿಂದಲೇ ಹಿಡಿದಿಡಿ.


ಫಿಲ್ಟರ್ ರಿಪೇರಿ

ಕುಡಿಯುವ ನೀರಿನ ಫಿಲ್ಟರುಗಳ ರಿಪೇರಿ ನನ್ನ ಉದ್ಯೋಗ. ಅಲ್ಲಿ ಬಳಸುವ ಕಾಲು ಇಂಚಿನ ಬಿಳಿ ಟ್ಯೂಬೂ ಸುರುಳಿಯಲ್ಲಿಯೇ ಬರುತ್ತದೆ. ಬಾಗಿದ ಟ್ಯೂಬನ್ನು ಹಾಗೆಯೇ ಒತ್ತಿ ಸಿಕ್ಕಿಸಿದರೆ ಅದು ಜೋಡಣೆಯೊಳಗಿನ ರಬ್ಬರ್ ಉಂಗುರವನ್ನು ಸದಾ ಒಂದು ಮಗ್ಗುಲಿಗೆ ಒತ್ತುತ್ತಿರುತ್ತದೆ. ಹಾಕಿದ ದಿನ ಸೋರುವುದಿಲ್ಲ, ತಿಂಗಳ ಮೇಲೆ ಹನಿ ಶುರುವಾಗುತ್ತದೆ. ನಾನು ಮಾಡುವುದು ಇಷ್ಟು. ಲೋಟದಲ್ಲಿ ಕೈ ಸುಡುವಷ್ಟು ಬಿಸಿ ನೀರು, ಕುದಿಯುವ ನೀರಲ್ಲ. ತುದಿಯ ನಾಲ್ಕು ಬೆರಳಿನಷ್ಟನ್ನು ಒಂದು ನಿಮಿಷ ಅದ್ದಿಟ್ಟು, ತೆಗೆದು, ಬಾಗಿಗೆ ತುಸು ಎದುರಾಗಿ ಬೆರಳುಗಳಿಂದ ನೀವುತ್ತ, ಹಿಡಿದಂತೆಯೇ ನಲ್ಲಿಯ ತಣ್ಣೀರಿಗೆ ಒಡ್ಡುವುದು. ಆಮೇಲೆ ಹರಿತವಾದ ಬ್ಲೇಡಿನಿಂದ ತುದಿಯನ್ನು ಸಮಕೋನವಾಗಿ ಕತ್ತರಿಸುವುದು.

ಡ್ರಿಪ್ಪಿನ ಸಣ್ಣ ಮೈಕ್ರೋ ಟ್ಯೂಬುಗಳಿಗೆ ಹಳೆಯ ಕೊಡೆಯ ಕಡ್ಡಿ ಅಥವಾ ಸೈಕಲ್ ಚಕ್ರದ ಕಡ್ಡಿ ಉಪಯೋಗಕ್ಕೆ ಬರುತ್ತದೆ. ಕಡ್ಡಿಯನ್ನು ಟ್ಯೂಬಿನೊಳಗೆ ತೂರಿಸಿ, ಕಡ್ಡಿ ಸಮೇತ ಬಿಸಿನೀರಿಗೆ ಹಾಕಿ, ಕಡ್ಡಿ ಸಮೇತವೇ ತಣ್ಣಗೆ ಮಾಡಿ ಹೊರಗೆಳೆದರೆ ಟ್ಯೂಬು ಬಾಣದಂತೆ ನೆಟ್ಟಗಿರುತ್ತದೆ. ಇದೇ ಉಪಾಯವನ್ನು ತಿರುವು ಮುರುವು ಮಾಡಿ 16 ಮಿ.ಮೀ. ಪೈಪಿಗೂ ಬಳಸಬಹುದು: ವಿದ್ಯುತ್ ವೈರಿಂಗಿಗೆ ಸಿಗುವ 25 ಮಿ.ಮೀ.ನ ಪಿ.ವಿ.ಸಿ. ಕಾಂಡ್ಯೂಟ್ ಪೈಪಿನೊಳಗೆ ಇದನ್ನು ತೂರಿಸಿ ಬಿಸಿಲಿಗೆ ಇಟ್ಟರೆ ಹೊರಗಿನ ಪೈಪೇ ಅಚ್ಚಾಗುತ್ತದೆ. ಕಾಂಡ್ಯೂಟ್ ಮೂರು ಮೀಟರ್ ಉದ್ದ ಬರುವುದರಿಂದ ಚಿಕ್ಕ ಸಾಲುಗಳಿಗೆ ಮಾತ್ರ ಇದು ಅನುಕೂಲ.


ಮೈಸೂರು ತಾರಸಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಾಲ್ಕು ದಿನಗಳಲ್ಲಿ ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಶಿರಸಿಯವರು ಹೇಳಿದಂತೆ ಅಕ್ಷರಗಳ ಸಾಲನ್ನು ನೋಡಿದೆ. ನಾನು ಸಿಂಬೆಯನ್ನು ಮಲಗಿಸಿಯೇ ಎಳೆದಿದ್ದೆ. ಹತ್ತು ಮೀಟರಿನಲ್ಲಿ ಆ ಸಾಲು ನಾಲ್ಕು ಸಲ ಮೇಲಿನಿಂದ ಕೆಳಕ್ಕೆ ಸುತ್ತಿಕೊಂಡಿತ್ತು. ತುದಿಯನ್ನು ಬೆರಳುಗಳ ನಡುವೆ ಹಿಡಿದು ಒಂದೊಂದೇ ಸುತ್ತು ಹಿಂದಕ್ಕೆ ತಿರುಗಿಸಿದಾಗ, ಮೊದಲು ಏನೂ ಆಗಲಿಲ್ಲ. ಮೂರನೆಯ ಸುತ್ತಿಗೆ, ಅಲ್ಲಿಯವರೆಗೆ ಎದ್ದು ನಿಂತಿದ್ದ ನಡುಭಾಗ ತಾನಾಗಿ ಒರಗಿ ನೆಲಕ್ಕೆ ತಾಗಿತು. ಬಿಸಿಲಿಗೆ ಹಾಕುವ ಮೊದಲೇ ಅರ್ಧ ಕೆಲಸ ಮುಗಿದಿತ್ತು. ಉಳಿದ ಪೈಪನ್ನು ಉರುಳಿಸಿಯೇ ಬಿಚ್ಚಿದೆ.

ಮೊದಲ ದಿನ ಮಧ್ಯಾಹ್ನದ ಮೇಲೆ ಮೋಡ ಮುಚ್ಚಿತು, ಹೆಚ್ಚು ಪ್ರಯೋಜನವಾಗಲಿಲ್ಲ. ಎರಡನೆಯ ದಿನ ಒಳ್ಳೆಯ ಬಿಸಿಲು. ಒಂದು ತುದಿಯನ್ನು ಟ್ಯಾಂಕಿನ ಕಂಬಕ್ಕೆ, ಇನ್ನೊಂದು ತುದಿಯನ್ನು ಹಗ್ಗದಿಂದ ಎದುರಿನ ಬಟ್ಟೆ ಒಣಗಿಸುವ ಕಂಬಕ್ಕೆ ಬಿಗಿದೆ. ಒಂದು ಗಂಟೆಯ ಮೇಲೆ ಬಂದು ನೋಡಿದರೆ ಹಗ್ಗ ಸಡಿಲವಾಗಿ ಜೋತಿತ್ತು. ಮತ್ತೆ ಬಿಗಿದೆ, ಮತ್ತೆ ಸಡಿಲವಾಯಿತು. ಮೂರನೆಯ ಸಲ ಹಗ್ಗದ ಬದಲು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಎಳೆದು ಕಟ್ಟಿದೆ. ಆಮೇಲೆ ಎಳೆತ ತಾನಾಗಿಯೇ ಉಳಿಯಿತು. ರಾತ್ರಿ ಒಂಬತ್ತರವರೆಗೆ ಮುಟ್ಟಲಿಲ್ಲ. ಬೆಳಿಗ್ಗೆ ಬಿಚ್ಚಿದಾಗ ಪೈಪು ಪ್ಯಾರಪೆಟ್ಟಿನುದ್ದಕ್ಕೂ ಬೊಟ್ಟಗಲದ ಓರೆಕೋರೆಯನ್ನು ಬಿಟ್ಟರೆ ನೆಟ್ಟಗೆ ಮಲಗಿತ್ತು. ನೋಡಿ ನಿಜವಾಗಿಯೂ ಸಂತೋಷವಾಯಿತು.

ಆದರೆ ಮೂರನೆಯ ದಿನ ಬೇರೊಂದು ತೊಂದರೆ ಬಂತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿಯೇ ನಾಲ್ಕು ಸಾಲಿಗೂ ಸರಿಯಾಗಿ ಅಳೆದು, ಕತ್ತರಿಸಿ, ಒಂದು ತುದಿಯನ್ನು ಮೇನ್ ಪೈಪಿನ ಟೇಕಾಫಿಗೆ (ಸಾಲಿನ ಪೈಪು ಸಿಕ್ಕಿಸುವ ಮೂತಿಗೆ), ಇನ್ನೊಂದು ತುದಿಯನ್ನು ಗೋಡೆಯ ಕ್ಲಾಂಪಿಗೆ ಬಿಗಿಯಾಗಿ ಸಿಕ್ಕಿಸಿದೆ. ಬೆಳಗಿನ ಜಾವ ಎದ್ದು ನೋಡಿದರೆ ಎರಡು ಸಾಲುಗಳು ಟೇಕಾಫಿನಿಂದ ಕಳಚಿಬಿದ್ದಿವೆ. ಪೈಪು ಮತ್ತೆ ಸುರುಳಿಗೊಂಡಿಲ್ಲ, ನೆಟ್ಟಗೇ ಇದೆ, ಆದರೆ ಗಿಡ್ಡವಾದಂತಿದೆ. ಇದು ಎಲ್ಲಿ ತಪ್ಪಿದ್ದು?


ಪಾಲಿಮರ್ ಪಾಠ

ತಾವು ಗಮನಿಸಿದ ಎರಡೂ ಸಂಗತಿಗಳು, ಮಧ್ಯಾಹ್ನ ಹಗ್ಗ ಸಡಿಲವಾದದ್ದು ಮತ್ತು ಬೆಳಗಿನ ಜಾವ ಪೈಪು ಕಳಚಿದ್ದು, ಒಂದೇ ಕಾರಣದ ಎರಡು ಮುಖಗಳು. ಪಾಲಿಎಥಿಲೀನ್ ಬಿಸಿಗೆ ಬಹಳ ಹಿಗ್ಗುವ, ತಂಪಿಗೆ ಅಷ್ಟೇ ಕುಗ್ಗುವ ವಸ್ತು. ಒಂದು ಮೀಟರ್ ಪೈಪು ಒಂದು ಡಿಗ್ರಿಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ, ಇದು ಗಟ್ಟಿ ಪಿ.ವಿ.ಸಿ. ಪೈಪಿನ ಎರಡೂವರೆ ಪಟ್ಟಿಗೂ ಹೆಚ್ಚು. ಮಧ್ಯಾಹ್ನದ ಪೈಪಿನ ಬಿಸಿ 55 ಡಿಗ್ರಿ, ಬೆಳಗಿನ ಜಾವದ್ದು 20 ಡಿಗ್ರಿ ಎಂದಿಟ್ಟುಕೊಳ್ಳಿ. ವ್ಯತ್ಯಾಸ 35 ಡಿಗ್ರಿ, ಉದ್ದ 10 ಮೀಟರ್. ಗುಣಿಸಿದರೆ 70 ಮಿ.ಮೀ., ಅಂದರೆ ಏಳು ಸೆಂಟಿಮೀಟರ್ ಕುಗ್ಗಬೇಕು. ಟೇಕಾಫಿನ ಮೇಲೆ ಪೈಪು ಕೂರುವುದು ಎರಡು ಸೆಂಟಿಮೀಟರಿನಷ್ಟು. ಕಳಚದೆ ಬೇರೆ ದಾರಿಯಿರಲಿಲ್ಲ.

ಇದಕ್ಕೆ ಜೊತೆಯಾಗಿ, ಎಳೆದು ನೇರಗೊಳಿಸಿದ ಪೈಪು ಮೊದಲ ಒಂದೆರಡು ದಿನ ತುಸು ಹಿಂದಕ್ಕೆ ಕುಗ್ಗುತ್ತದೆ. ಆದ್ದರಿಂದ ಬಿಚ್ಚಿದ ಮೇಲೆ ಒಂದು ದಿನ ಎಳೆತವಿಲ್ಲದೆ ಹಾಗೆಯೇ ಬಿಸಿಲಿನಲ್ಲಿ ಮಲಗಲು ಬಿಟ್ಟು, ಮರುದಿನ ಬೆಳಿಗ್ಗೆ ಬಿಸಿಲು ತಾಗುವ ಮುನ್ನ ಅಳೆದು ಕತ್ತರಿಸಬೇಕು. ಬೆಳಿಗ್ಗೆ ಅಳೆದದ್ದು ಮಧ್ಯಾಹ್ನ ಹಿಗ್ಗಿ ಸ್ವಲ್ಪ ಓಲಾಡುತ್ತದೆ, ಅದರಿಂದ ಹಾನಿಯಿಲ್ಲ. ಒಂದೇ ತುದಿಯನ್ನು ಗಟ್ಟಿಯಾಗಿ ಹಿಡಿಸಿ, ಉಳಿದ ಕ್ಲಾಂಪುಗಳಲ್ಲಿ ಪೈಪು ಜಾರುವಷ್ಟು ಸಡಿಲವಿರಲಿ.


ಶಿರಸಿ ಅಡಿಕೆತೋಟ

ಕೊನೆಯ ತುದಿಗೆ ಬಿಗಿಯಾದ ಕ್ಲಾಂಪು ಬೇಡವೇ ಬೇಡ. ಪೈಪಿನ ತುದಿಯನ್ನು ಮಡಿಚಿ, ಎಂಟರ ಆಕಾರದ ಎಂಡ್ ಕ್ಯಾಪಿನೊಳಗೆ ತೂರಿಸಿ, ಹಾಗೆಯೇ ಬಿಡಿ. ಅದು ಹಿಗ್ಗಿ ಕುಗ್ಗಿ ತನಗೆ ಬೇಕಾದಂತೆ ಓಡಾಡಿಕೊಂಡಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಕೆಸರು ನೀರು ಹೊರಬಿಡುವುದಕ್ಕೂ ಸುಲಭ.

ಇನ್ನೂ ತೂತು ಹೊಡೆದಿಲ್ಲ ಎಂದುಕೊಂಡಿದ್ದೇನೆ. ಡ್ರಿಪ್ಪರಿನ ತೂತುಗಳನ್ನು ಪೈಪು ತನ್ನ ಜಾಗದಲ್ಲಿ ನೆಟ್ಟಗೆ ಮಲಗಿ, ನುಲಿಯಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಡೆಯಬೇಕು. ಸುರುಳಿಯಲ್ಲಿರುವಾಗ ಹೊಡೆದರೆ ಒಂದು ತೂತು ಆಕಾಶ ನೋಡುತ್ತದೆ, ಮುಂದಿನದು ಗೋಡೆ ನೋಡುತ್ತದೆ, ಅದರ ಮುಂದಿನದು ನೆಲಕ್ಕೆ ಒತ್ತಿಕೊಳ್ಳುತ್ತದೆ. ನೆಲದ ಕಡೆಗಿರುವ ತೂತಿಗೆ ಪೈಪಿನ ತಳದ ಗಸಿಯೆಲ್ಲ ಇಳಿದು ಮೊದಲು ಕಟ್ಟಿಕೊಳ್ಳುವುದು ಅದೇ. ಅಕ್ಷರಗಳ ಸಾಲನ್ನೇ ಗೆರೆಯಾಗಿ ಇಟ್ಟುಕೊಂಡು, ಅದನ್ನು ಮೇಲ್ಮುಖವಾಗಿ ಮಾಡಿ, ಅದರ ಪಕ್ಕದಲ್ಲಿಯೇ ತೂತುಗಳನ್ನು ಹೊಡೆಯಿರಿ.

ತಾರಸಿಯ ಟ್ಯಾಂಕಿನ ನೀರಿಗೆ ಒತ್ತಡ ಕಡಿಮೆ ಎಂಬುದನ್ನೂ ನೆನಪಿಡಿ. ಪೈಪಿಗಿಂತ ಟ್ಯಾಂಕಿನ ನೀರು ಒಂದು ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಸಿಗುವುದು 0.1 ಕಿಲೊ ಒತ್ತಡ ಮಾತ್ರ. ತುಮಕೂರಿನವರು ಹೇಳಿದ ಗಾಳಿಗುಳ್ಳೆ ಇಲ್ಲಿಯೂ ಕಾಡುತ್ತದೆ. ಪೈಪು ಎದ್ದ ಜಾಗದಲ್ಲೆಲ್ಲ ಗಾಳಿ ಕೂತರೆ ಅದರಾಚೆಯ ಗಿಡಗಳಿಗೆ ಹನಿ ಬೀಳುವುದಿಲ್ಲ. ಮೊದಲ ಸಲ ನೀರು ಬಿಡುವಾಗ ತುದಿಯ ಕ್ಯಾಪು ತೆಗೆದಿಟ್ಟು, ನೀರು ಕೊಸರಿಲ್ಲದೆ ಒಂದೇ ಧಾರೆಯಾಗಿ ಬರುವವರೆಗೂ ಹರಿಸಿ, ಆಮೇಲೆ ಮುಚ್ಚಿ.


ಮೈಸೂರು ತಾರಸಿ

ತೂತು ಹೊಡೆದಿರಲಿಲ್ಲ, ಅದೊಂದು ಪುಣ್ಯ.

ಬೆಳಿಗ್ಗೆ ಆರಕ್ಕೆ ಅಳೆದು, ಕಳಚಿದ ಎರಡು ಸಾಲುಗಳಿಗೆ ಜಾಯಿನರ್ ಹಾಕಿ ಅರ್ಧ ಮೊಳ ಸೇರಿಸಿದೆ. ಕ್ಲಾಂಪುಗಳನ್ನು ತೆಗೆದು, ಎರಡೆರಡು ಕುಂಡಗಳ ನಡುವೆ ಪೈಪು ಜಾರುವಂತೆ ಮಲಗಿಸಿದ್ದೇನೆ. ತುದಿಗೆ ಎಂಟರ ಕ್ಯಾಪು. ಅಕ್ಷರಗಳ ಸಾಲಿನ ಪಕ್ಕದಲ್ಲಿ ತೂತು ಹೊಡೆದು, ಗಂಟೆಗೆ 4 ಲೀಟರಿನ ಡ್ರಿಪ್ಪರುಗಳನ್ನು ಕೂರಿಸಿದೆ. ನಿನ್ನೆ ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಡ್ರಿಪ್ಪರಿನ ಕೆಳಗೆ ಒಂದೇ ಅಳತೆಯ ಲೋಟ ಇಟ್ಟು ಅರ್ಧ ಗಂಟೆ ನೀರು ಬಿಟ್ಟೆ. ಟ್ಯಾಂಕಿನ ಒತ್ತಡ ಕಡಿಮೆಯಾದ್ದರಿಂದ ಪೂರ್ತಿ ಲೆಕ್ಕದ ನೀರು ಬರಲಿಲ್ಲ, ಆದರೆ ಮೂರು ಸಾಲುಗಳಲ್ಲಿ ಎರಡು ಲೋಟಗಳ ನೀರೂ ಕಣ್ಣಳತೆಗೆ ಸಮನಾಗಿತ್ತು. ನಾಲ್ಕನೆಯ ಸಾಲಿನ ಕೊನೆಯ ಲೋಟ ಮಾತ್ರ ಕಾಲು ಭಾಗ ಕಡಿಮೆ. ಆ ಸಾಲಿಗೆ ಹಾಕಿದ್ದು ಸಿಂಬೆಯ ಒಳತುದಿಯ ಪೈಪು. ದಾಸವಾಳದ ಕುಂಡದ ಹತ್ತಿರ ಅದು ಇನ್ನೂ ನಾಲ್ಕು ಬೆರಳು ಎದ್ದು ನಿಂತಿದೆ. ಅದನ್ನು ಮತ್ತೆ ಬಿಚ್ಚಿ ಬಿಸಿಲಿಗೆ ಎಳೆಯಬೇಕೆ?


ಶಿರಸಿ ಅಡಿಕೆತೋಟ

ಬಿಚ್ಚಬೇಡಿ. ನಾಳೆ ಮಧ್ಯಾಹ್ನ ಪೈಪು ಕಾದಿರುವಾಗ ಆ ಎದ್ದ ಜಾಗದ ಎರಡೂ ಪಕ್ಕ ಒಂದೊಂದು ಇಟ್ಟಿಗೆ ಇಟ್ಟು, ನಡುವೆ ಮಣ್ಣು ತುಂಬಿದ ಒಂದು ಚೀಲ ಹೇರಿ ರಾತ್ರಿ ಕಳೆಯಲಿ. ಇಟ್ಟಿಗೆಯ ಅಂಚು ಪೈಪಿನ ಮೇಲೆ ನೇರವಾಗಿ ಕೂರದಂತೆ ಕೆಳಗೆ ಬಟ್ಟೆಯ ಮಡಿಕೆ ಹಾಕಿ. ಊರಿಗೆ ಹೊರಡುವ ಹಿಂದಿನ ದಿನ ಮತ್ತೊಮ್ಮೆ ಲೋಟ ಇಟ್ಟು ನೋಡಿ.


ಮೈಸೂರು ತಾರಸಿ

ಹಾಗೆಯೇ ಮಾಡಿದೆ, ಎರಡು ರಾತ್ರಿ ಚೀಲ ಹೇರಿಟ್ಟಿದ್ದೆ. ಇಂದು ಬೆಳಿಗ್ಗೆ ತೆಗೆದಾಗ ಪೈಪು ನೆಲದಿಂದ ಒಂದು ಬೆರಳಿಗಿಂತ ಹೆಚ್ಚು ಏಳಲಿಲ್ಲ. ಕ್ಯಾಪು ಬಿಚ್ಚಿ ನೀರು ಹರಿಸಿದಾಗ ಮೊದಲು ಮೂರು ನಾಲ್ಕು ಸಲ ಗಾಳಿ ಉಗುಳಿ, ಆಮೇಲೆ ಧಾರೆ ಕಟ್ಟಿತು. ಕೊನೆಯ ಲೋಟವೂ ಈಗ ಉಳಿದವುಗಳಷ್ಟೇ ತುಂಬುತ್ತಿದೆ. ನಾಳೆ ರಾತ್ರಿಯ ಬಸ್ಸಿಗೆ ಹೊರಡುತ್ತಿದ್ದೇವೆ. ಕೆಳಗಿನ ಮನೆಯವರು ಬೆಳಿಗ್ಗೆ ಸಂಜೆ ವಾಲ್ವು ತಿರುಗಿಸಲು ಒಪ್ಪಿದ್ದಾರೆ.